ಅಂಟು ಸಾಲದ ಕೆಮ್ಮಣ್ಣು

ಜೆ.ಪಿ. ನಗರದ ಸಣ್ಣ ಸಭಾಂಗಣವೊಂದರಲ್ಲಿ ಅವತ್ತು ಸಂಜೆ ಏಳಕ್ಕೆ ನಮ್ಮ ಹವ್ಯಾಸಿ ತಂಡದ ನಾಟಕ. ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿದರೆ ಚಾವಣಿ ಸೋರಿತ್ತು. ಹಲಗೆಗೆ ಬಿಗಿದ ಬಟ್ಟೆಯ ಮೇಲೆ ನಾವು ಬರೆದಿದ್ದ ಮಣ್ಣಿನ ಗೋಡೆಯ ಸರಿ ನಡುವೆ, ಮೊರದಗಲ ಬಣ್ಣ ತೊಳೆದುಹೋಗಿತ್ತು.

ರಂಗಸಜ್ಜಿಕೆ ನೋಡಿಕೊಳ್ಳುತ್ತಿದ್ದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರು ಲೈಟು ಕಟ್ಟಿಸುವ ಗಡಿಬಿಡಿಯಲ್ಲಿದ್ದರು. "ನೀನೇ ತೇಪೆ ಹಾಕಮ್ಮ. ಕೆಮ್ಮಣ್ಣು ಮಾತ್ರ ಚಿಟಿಕೆ ಚಿಟಿಕೆ ಹಾಕು, ಅದು ಎಲ್ಲಾನೂ ನುಂಗ್ಬಿಡತ್ತೆ" ಎಂದರು.

ಹಳದಿ ಮಣ್ಣು, ಸೀಮೆಸುಣ್ಣದ ಪುಡಿ, ಕೆಮ್ಮಣ್ಣು ಬೆರೆಸಿ ಅಂಟಿನ ನೀರಿನಲ್ಲಿ ಕಲಸಿದೆ. ಹಸಿಯಾಗಿದ್ದಾಗ ಹಳೆಯ ಗೋಡೆಗೆ ಚೆನ್ನಾಗಿ ಹೊಂದಿತು. ಒಣಗಿದಾಗ ಬಿಳಿಚಿಕೊಂಡಿತು. ಗಾಬರಿಯಲ್ಲಿ ಕೆಮ್ಮಣ್ಣು ಒಂದು ಚಮಚ ಸುರಿದೆ. ಈಗ ಒಣಗಿದರೂ ಇಟ್ಟಿಗೆಗೆಂಪು. ತಿಳಿ ಮಾಡೋಣವೆಂದರೆ ಸೀಮೆಸುಣ್ಣ ಮುಗಿದಿತ್ತು. ಗಂಟೆ ಐದೂವರೆ.

ಅಂಟು ಕಡಿಮೆಯಾದರೆ ಬಣ್ಣ ಮುಟ್ಟಿದವರಿಗೆ ಹತ್ತಿದರೂ ತಿಳಿಯಾಗಿ ಒಣಗುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೇ ಉಳಿದ ಎರಡು ಮಣ್ಣನ್ನು ಹೊಸದಾಗಿ ಕಲಸುವಾಗ ಅಂಟನ್ನು ಹೆಸರಿಗಷ್ಟೇ ಹಾಕಿ ನೀರು ಸುರಿದೆ. ಬಳಿದು, ಮೇಕಪ್ ಕೋಣೆಯ ಹೇರ್ ಡ್ರೈಯರ್ ಹಿಡಿದೆ. ತೇಪೆ ಎಲ್ಲಿದೆಯೆಂದೇ ತಿಳಿಯದಷ್ಟು ಹೊಂದಿಕೊಂಡಿತು.

ಮೇಷ್ಟ್ರು ಬಂದು ದೂರದಿಂದಲೇ ನೋಡಿದರು. "ಅಂಟು ಸರಿಯಾಗಿ ಹಾಕಿದೀಯ ತಾನೆ?"

"ಹಾಕಿದೀನಿ ಸಾರ್."

ನಾಟಕ ಶುರುವಾದ ಮೇಲೆ ನೆನಪಾಯಿತು: ಮೂರನೇ ದೃಶ್ಯದಲ್ಲಿ ತಾಯಿಯ ಪಾತ್ರದವರು ಬಿಳಿ ಸೀರೆಯಲ್ಲಿ ಅದೇ ಗೋಡೆಗೆ ಒರಗಬೇಕು. ಪಕ್ಕದ ಪರದೆಯ ಹಿಂದೆ ಅವರ ಕೈ ಹಿಡಿದುಕೊಂಡೆ. "ಅಕ್ಕ, ಗೋಡೆಗೆ ಒರಗ್ಬೇಡಿ. ಬಣ್ಣ ಹತ್ತತ್ತೆ."

"ಈಗ ಹೇಳ್ತೀಯಲ್ಲೇ! ಒರಗದೆ ಆ ಮಾತು ಹೇಗೆ ಹೇಳ್ಲಿ?" ಎಂದವರೇ ರಂಗಕ್ಕೆ ನಡೆದರು.

ಮೊದಲು ಗೋಡೆಯಿಂದ ದೂರವೇ ನಿಂತರು. ಆದರೆ ಮಗನ ಸಾವಿನ ಸುದ್ದಿ ಬಂದಾಗ ಎಲ್ಲ ಮರೆತು ಗೋಡೆಗೆ ಕುಸಿದರು. ಎದ್ದು ತಿರುಗಿದಾಗ ಬೆನ್ನ ತುಂಬ ಕೆಮ್ಮಣ್ಣಿನ ಕೆಂಪು. ಮುಂದಿನ ಸಾಲಿನಲ್ಲಿ ಯಾರೋ "ಅಯ್ಯೋ, ರಕ್ತ!" ಎಂದರು. ಹಿಂದೆ ಕಿಸಕ್ಕನೆ ನಗು. ಅವರು ಒಂದು ಮಾತೂ ತಪ್ಪದೆ ದೃಶ್ಯ ಮುಗಿಸಿದರು.

ಜನ ಹೋದ ಮೇಲೆ ಮೇಷ್ಟ್ರು ತೇಪೆಯ ಮೇಲೆ ಬೆರಳೆಳೆದು ನನಗೆ ತೋರಿಸಿದರು. ಸುಳ್ಳು ಹೇಳಿದೆನೆಂದು ಒಪ್ಪಿಕೊಂಡೆ. ಅವರು ಅಂಟಿನ ಡಬ್ಬಿ ತಂದು ನನ್ನ ಮುಂದಿಟ್ಟರು.

ಮರುದಿನದ ಪ್ರದರ್ಶನಕ್ಕೆ ತೇಪೆಯ ಮೇಲೆ ಅಂಟು ಬಳಿದೆವು. ಅದು ಕಪ್ಪಾಗಿ ಎದ್ದು ಕಂಡಿತು.

"ಇರ್ಲಿ ಬಿಡು, ಹಳೇ ಗೋಡೆ ಅಂದ್ಕೋತಾರೆ" ಎಂದು ಮೇಷ್ಟ್ರು ಕೈ ತೊಳೆಯಲು ಹೋದರು.