ಬಾಯಿಬಡುಕ ಭಾವನ ಮೇಣದ ಮಾತು

ಹಳೆಯ ಫೋನೋಗ್ರಾಫ್ ಸಂಗ್ರಹಿಸುವ ಜನರನ್ನು ಕಂಡರೆ ನನಗೆ ವಾಕರಿಕೆ ಬರುತ್ತದೆ. ಹಳೆಯ ಯಂತ್ರಗಳ ಮೇಳದ ದಿನ ಬಾಗಿಲು ತೆರೆಯುವ ಮುನ್ನವೇ ಬಂದು ಮುಕುರುತ್ತಾರೆ. ಹಿತ್ತಾಳೆಯ ಕೊಳವೆಯೊಳಗೆ ಮೂಗು ತೂರಿಸಿ ಮೂಸುತ್ತಾರೆ. ಬೆರಳಿಗೆ ಎಂಜಲು ಹಚ್ಚಿಕೊಂಡು ಉಜ್ಜಿ ನೋಡುತ್ತಾರೆ. ಕೊನೆಗೆ ಒಂದು ಡಬ್ಬಿ ಸೂಜಿಗೂ ಚೌಕಾಸಿ ಮಾಡಿ, ಮೂತಿ ಸೊಟ್ಟ ಮಾಡಿಕೊಂಡು ಹೋಗುತ್ತಾರೆ. ಇಂಥವರಿಗೆ ಯಂತ್ರ ಮಾರುತ್ತಲೇ ನನ್ನ ಅಕ್ಕನ ಗಂಡ ಅರ್ಧ ಆಯಸ್ಸು ಕಳೆದರು.

ಮೇಳದಲ್ಲಿ ಭಾವನಿಗೆ ಬಾಯಿಬಡುಕ ಎಂದೇ ಹೆಸರು. ಸುಳ್ಳಲ್ಲ. ಒಂದು ತಿರುಪು ಮಾರಬೇಕಾದರೂ ಅದರ ವಂಶಾವಳಿ ಬಿಚ್ಚುತ್ತಿದ್ದರು. ಮನೆಯಲ್ಲಿ ಸ್ನಾನದ ಕೋಣೆಯೊಳಗಿಂದಲೂ ಮಾತು ಕೇಳುತ್ತಿತ್ತು. ಕೇಳಿ ಕೇಳಿ ಅಕ್ಕನಿಗೆ ತಲೆ ಚಿಟ್ಟು ಹಿಡಿದಿತ್ತು. ಆಮೇಲೆ ಅವರ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಭಾವ ತಮ್ಮ ಮೆಚ್ಚಿನ ಫೋನೋಗ್ರಾಫ್ ಯಂತ್ರದ ಮುಂದೆ ಕುಳಿತು, ದನಿಯನ್ನು ಗೀರಾಗಿ ಹಿಡಿದಿಡುವ, ಲೋಟದಷ್ಟು ದಪ್ಪದ ಮೇಣದ ಉರುಳೆಯೊಂದರಲ್ಲಿ ತಮ್ಮ ವ್ಯಾಪಾರದ ಮಾತನ್ನು ತುಂಬಿಸಿದರು. "ಬನ್ನಿ ಸಾರ್, ಬನ್ನಿ! ನೋಡೋಕೆ ಕಾಸಿಲ್ಲ, ಮೂಸಿದ್ರೆ ಮಾತ್ರ ದಂಡ! ಬೆಲೆ ವಿಷಯ ನನ್ನ ನಾದಿನೀನ ಕೇಳಿ, ಅವಳ ನಾಲಿಗೆ ನನ್ನದಕ್ಕಿಂತ ಉದ್ದ!" ಆ ನಾದಿನಿ ನಾನೇ. ಟೇಪ್ ರೆಕಾರ್ಡರಿನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದು ಅಕ್ಕ ಗೋಗರೆದಳು. "ಆ ಪ್ಲಾಸ್ಟಿಕ್ ಪಟ್ಟಿಗೆ ನನ್ನ ಉಗುಳೂ ಸಿಗಲ್ಲ" ಎಂದುಬಿಟ್ಟರು.

ಸಂಗ್ರಾಹಕರ ಸಂಘದ ಅಧ್ಯಕ್ಷ ಆಸ್ಪತ್ರೆಗೆ ಹಣ್ಣು ಹಿಡಿದುಕೊಂಡು ಬಂದ. ಕತ್ತಿಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಭಾವನ ಪಕ್ಕ ಕುಳಿತು ಲೊಚಗುಟ್ಟಿದ. "ಛೆ, ಎಂಥಾ ಮಾತುಗಾರ, ಇನ್ನು ಮಾತೇ ಇಲ್ವಲ್ಲ" ಎಂದವನು ಅದೇ ಉಸಿರಿನಲ್ಲಿ, "ಅಂದ ಹಾಗೆ, ಆ ಯಂತ್ರ ಏನ್ಮಾಡ್ತೀರಿ?" ಎಂದು ಕೇಳಿದ. ಅವನು ಅತ್ತ ಹೋದದ್ದೇ ತಡ, ನಾನು ಆ ಹಣ್ಣನ್ನು ಕಸದ ಬುಟ್ಟಿಗೆ ಹಾಕಿದೆ.

ಮುಂದಿನ ಮೇಳದಲ್ಲಿ ಭಾವ ಯಂತ್ರಕ್ಕೆ ಕೀಲಿ ಕೊಟ್ಟು ಸುಮ್ಮನೆ ನಿಂತರು. ಕೊಳವೆಯೊಳಗಿಂದ ಅವರದೇ ದನಿ ಗಿರಾಕಿಗಳನ್ನು ಕರೆಯಿತು. ಅದರ ಜೊತೆಗೆ ಅವರ ತುಟಿಯೂ ಆಡುತ್ತಿತ್ತು. ಜನ ಬಿದ್ದು ಬಿದ್ದು ನಕ್ಕರು, ಭಾವನೂ ಸದ್ದಿಲ್ಲದೆ ನಕ್ಕರು. ಈ ಲೋಕದಲ್ಲಿ ಅವರ ಪಾಲಿಗೆ ಉಳಿದಿದ್ದ ದನಿ ಅದೊಂದೇ.

ಈ ಕಸುಬಿನಲ್ಲಿ ಒಂದು ರೂಢಿಯಿದೆ. ಮೇಜಿನ ಮೇಲಿನ ಯಂತ್ರದಲ್ಲಿ ಮೆತ್ತನೆಯ ಮೇಣದ ಉರುಳೆ ಇದ್ದರೆ ಅದು ಪರೀಕ್ಷೆಗೆ ಇಟ್ಟದ್ದು ಎಂದೇ ಲೆಕ್ಕ. ಗಿರಾಕಿ ಅದರ ಮೇಲ್ಪದರವನ್ನು ಯಂತ್ರದಲ್ಲೇ ಇರುವ ಅಲಗಿನಿಂದ ಹೆರೆದು, ಹಳೆಯ ದನಿ ಅಳಿಸಿ, ತನ್ನ ದನಿ ತುಂಬಿಸಿ, ತಿರುಗಿ ಹಾಕಿ ಕೇಳಬಹುದು. ನಮ್ಮ ಯಂತ್ರದ ಮೇಲೆ 'ಮಾರಾಟಕ್ಕಿಲ್ಲ' ಎಂಬ ಚೀಟಿ ಅಂಟಿಸಿದ್ದೆವು. ಆದರೆ ಈ ಜನಕ್ಕೆ ಅಂಥ ಚೀಟಿ ಎಂದರೆ ಬೆಲೆ ಏರಿಸುವ ಉಪಾಯ, ಅಷ್ಟೇ.

ಆ ದಿನ ಮಧ್ಯಾಹ್ನ ನಾನು ವ್ಯಾನಿನಿಂದ ಪೆಟ್ಟಿಗೆಯೊಂದನ್ನು ಹೊತ್ತು ತರುವಾಗ ಮೇಳದ ಬಾಗಿಲವರೆಗೂ ಧಡಧಡ ಸದ್ದು ಕೇಳಿಸಿತು. ಭಾವ ಮೇಜಿನ ಆ ತುದಿಯಲ್ಲಿ ಸಾಮಾನುಗಳ ಹಿಂದೆ ಸಿಕ್ಕಿಕೊಂಡು ಎರಡೂ ಕೈಯಿಂದ ಹಲಗೆ ಗುದ್ದುತ್ತಿದ್ದರು. ಈ ತುದಿಯಲ್ಲಿ ಅಧ್ಯಕ್ಷ ಕೊಳವೆಗೆ ಬಾಯಿಟ್ಟು ಹಲೋ ಹಲೋ ಎನ್ನುತ್ತಿದ್ದ. ಅವನ ಕೋಟಿನ ತೋಳಿಗೆ ಕಂದು ಮೇಣದ ಪುಡಿ ಮೆತ್ತಿಕೊಂಡಿತ್ತು. ಜನರನ್ನು ತಳ್ಳಿಕೊಂಡು ನಾನು ಹತ್ತಿರ ಬರುವಷ್ಟರಲ್ಲಿ ಅವನು ಉರುಳೆಯನ್ನು ತಿರುಗಿ ಹಾಕಿ, ಕಿವಿಗೊಟ್ಟು, ಹುಬ್ಬು ಗಂಟಿಕ್ಕಿದ್ದ.

"ನನ್ನ ಮಾತಿನ ಹಿಂದೆ ಏನೋ ಬಡಿಯೋ ಸದ್ದು ಇದೆಯಲ್ಲ. ಯಂತ್ರದಲ್ಲೇನೋ ದೋಷ ಇದೆ. ರೇಟು ಇಳಿಸ್ಬೇಕು."

ನನ್ನ ಮೈಯೆಲ್ಲ ಉರಿದುಹೋಯಿತು. "ಅದು ಯಂತ್ರ ಅಲ್ಲ ಕಣ್ರೀ, ನಮ್ಮ ಭಾವ! ಹೆರೀಬೇಡಿ ಅಂತ ಬಡ್ಕೊಂಡಿದ್ದು! ಅದ್ರಲ್ಲಿ ಇದ್ದಿದ್ದು ಅವರ ದನಿ!"

ಅವನು ತೋಳಿನ ಮೇಲಿನ ಪುಡಿಯನ್ನು ಉಗುರಿನಿಂದ ಚಿಮ್ಮಿದ.

"ಅಯ್ಯೋ, ಬೇಡ ಅಂತಿದ್ರೆ ಬಾಯ್ಬಿಟ್ಟು ಹೇಳೋದಲ್ವಾ?"

ಭಾವ ಬಾಯಿ ತೆರೆದರು. ಕತ್ತಿನ ನರ ಉಬ್ಬಿ, ಮುಖ ಕೆಂಪೇರಿ, ಅವನ ಜನ್ಮ ಜಾಲಾಡಿದರು. ಒಂದಕ್ಷರವೂ ಹೊರಗೆ ಬರಲಿಲ್ಲ. ಅಧ್ಯಕ್ಷ ಆಗಲೇ ಬೆನ್ನು ತಿರುಗಿಸಿದ್ದ.