ತುಳಸಿ ಕಟ್ಟೆಯ ಕೆಳಗಿನ ಕಲ್ಲು

ಇವತ್ತು ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದೆ. ಎದುರಿಗೆ ಹೊಸ ಮನೆ ಕಟ್ಟಿಸಿಕೊಂಡು ಬಂದ ಹುಡುಗಿ ತುಳಸಿ ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲಿಡಲಿ ಎಂದು ಅಂಗಳವೆಲ್ಲ ತಿರುಗಿ, ಕೊನೆಗೆ ಮೂಲೆಯ ನುಣ್ಣನೆಯ ಕಡಪ ಕಲ್ಲಿನ ಮೇಲೆ ಇಟ್ಟಳು. ಹಿಂದೆ ಸರಿದು ನೋಡಿದಳು, ಮುಖ ಅರಳಿತು. ನನ್ನ ಕೈಯಲ್ಲಿನ ಪುಡಿ ಗೆರೆ ತಪ್ಪಿ ಸುರಿಯಿತು. ಆ ಮನೆ ಕಟ್ಟುವುದನ್ನು ದಿನಾ ನೋಡಿದವಳು ನಾನು. ಕಲ್ಲಿನ ಕೆಳಗೆ ಏನಿದೆ ಎಂದು ಗೊತ್ತು. ಸೆಪ್ಟಿಕ್ ಟ್ಯಾಂಕು.

ಮೂಗು ಮುಚ್ಚಿಕೊಳ್ಳಬೇಡಿ. ದೇವರ ಕೋಣೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಈ ಗುಂಡಿಯ ಉಪಕಾರವನ್ನೂ ಯಾರಾದರೂ ನೆನೆಯಬೇಕಲ್ಲ.

ಆಂಧ್ರದ ಆದೋನಿಯ ನಮ್ಮ ಬಡಾವಣೆಗೆ ಒಳಚರಂಡಿ ಇನ್ನೂ ಬಂದಿಲ್ಲ. ಮನೆಗೊಂದು ಗುಂಡಿ. ನಮ್ಮ ಮನೆ ಕಟ್ಟಿದ ಮೇಸ್ತ್ರಿ ವಾಸ್ತು ನೋಡಿ ವಾಯವ್ಯ ಮೂಲೆಯಲ್ಲಿ ಟ್ಯಾಂಕು ಮಾಡಿ, ಮೇಲೊಂದು ಕಲ್ಲು ಮುಚ್ಚಿ ಹೋಗಿದ್ದ. ಅದೇ ವರ್ಷದ ಕಾರ್ತಿಕದಲ್ಲಿ ಅತ್ತೆಯವರು ಹೊಳಗುಂದದಿಂದ ಬಂದರು. ಬಾಳೆಲ್ಲ ಬಾಡಿಗೆ ಮನೆಗಳಲ್ಲಿ ಕಳೆದು, ಎಣ್ಣೆ ಡಬ್ಬದಲ್ಲಿ ತುಳಸಿ ಬೆಳೆಸಿದವರು ಅವರು. ಮನೆ ಬದಲಿಸಿದಾಗಲೆಲ್ಲ ಆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಂಡಿ ಹತ್ತುತ್ತಿದ್ದರಂತೆ. ನಾನು ಎರಡು ದಿನ ತವರಿಗೆ, ಹಾಲಹರವಿಗೆ ಹೋಗಿದ್ದೆ. ಯಜಮಾನರು ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು, ಹಗಲೆಲ್ಲ ಅಲ್ಲೇ. ನಾನು ಬರುವಷ್ಟರಲ್ಲಿ ಅತ್ತೆ ಬೇರೊಬ್ಬ ಮೇಸ್ತ್ರಿಯನ್ನು ಕರೆಸಿ ಅದೇ ಕಲ್ಲಿನ ಮೇಲೆ ಕಟ್ಟೆ ಕಟ್ಟಿಸಿದ್ದರು.

“ನೋಡವ್ವಾ, ಕಲ್ಲು ಎಷ್ಟು ಸಮ ಐತಿ! ತಾಯಿ ತಾನ ಜಾಗ ತೋರಿಸ್ಯಾಳ.” ಅವರ ಕಣ್ಣಲ್ಲಿ ನೀರಿತ್ತು.

ನಾನು ತವರಿನ ಚೀಲ ಹೊತ್ತು ಒಳಗೆ ಹೋದೆ. ಯಜಮಾನರು ಅಡುಗೆಮನೆಗೆ ಬಂದು, “ತುಂಬಿದಾಗ ನೋಡೋಣು, ಸುಮ್ನಿರು” ಎಂದು ಪಿಸುಗುಟ್ಟಿದರು.

ಹನ್ನೊಂದು ವರ್ಷ ಸುಮ್ಮನಿದ್ದೆ. ದಿನವೂ ಪ್ರದಕ್ಷಿಣೆ ಶುರುಮಾಡುವ ಮೊದಲು ‘ತಾಯಿ, ಕ್ಷಮಿಸು’ ಎನ್ನುತ್ತಿದ್ದೆ. ಗಿಡವಂತೂ ಓಣಿಯ ಕಣ್ಣೇ ಬೀಳುವಂತೆ ಬೆಳೆಯಿತು. “ನಿಮ್ಮ ಅತ್ತಿ ಭಕ್ತಿ ಅಂದ್ರ ಭಕ್ತಿರಿ” ಎಂದು ಅಕ್ಕಪಕ್ಕದವರು ಹೊಗಳಿದಾಗಲೆಲ್ಲ ನನಗೆ ಕೆಮ್ಮು ಬರುತ್ತಿತ್ತು.

ಮಗಳು ಹೆರಿಗೆಗೆ ಬಂದಾಗ ತುಂಬಿತು ನೋಡಿ. ಕೂಸಿಗೆ ಒಂಬತ್ತು ದಿನ. ಪಾಯಖಾನೆಯಲ್ಲಿ ಸುರಿದ ನೀರು ಇಳಿಯಲೊಲ್ಲದು. ಮರುದಿನ ಮೇಲಕ್ಕೇ ಬಂತು. ಹೊಲಿಗೆ ಹಾಕಿದ ಹಸಿ ಮೈಯ ಬಾಣಂತಿ ಕಿವಿಗೆ ಬಟ್ಟೆ ಕಟ್ಟಿಕೊಂಡು, ಗೋಡೆ ಹಿಡಿದು ಹಿಡಿದು ಪಕ್ಕದ ಮನೆಗೆ ಹೋಗಿಬರುವಂತಾಯಿತು.

ಶುಕ್ರವಾರ ಬೆಳಿಗ್ಗೆ ಗುಂಡಿ ಖಾಲಿ ಮಾಡುವ ಟ್ಯಾಂಕರ್ ಬಂತು. ನಡೆಸುವವನು ಮಸ್ತಾನ್. ಇಳಿದವನೇ, “ಮೂತ ಎಕ್ಕಡಮ್ಮಾ?” ಎಂದು ತೆಲುಗಿನಲ್ಲಿ ಮುಚ್ಚಳ ಎಲ್ಲಿ ಎಂದು ಕೇಳಿದ.

“ನುಗ್ಗಿ ಗಿಡದ ಬುಡಕ ಇರಬೇಕು, ಅಗಿಯಪ್ಪಾ” ಎಂದರು ಅತ್ತೆ.

ಅಗೆದ. ಮೊಣಕಾಲುದ್ದ ಇಳಿದರೂ ಮಣ್ಣೇ. “ಹಿಂಗ ಅಗಕೋತ ಹೋದ್ರ ಬಾವಿ ಆಗ್ತೈತಿ ಅಮ್ಮಾ. ನಂಗ ಇನ್ನೂ ಮೂರು ಮನಿ ಅದಾವ. ಇವತ್ತು ಬಿಟ್ರ ಮುಂದಿನ ವಾರನ.”

ಬಾಗಿಲಲ್ಲಿ ಮಗಳು ಗೋಡೆಗೆ ಆನಿಕೊಂಡು ನಿಂತಿದ್ದಳು. ಇನ್ನೊಂದು ವಾರ!

“ಅತ್ತೀ, ಅದು ಕಟ್ಟಿ ಕೆಳಗ ಐತ್ರಿ” ಎಂದೆ.

“ಯಾವುದು?”

“ಅದ... ಟ್ಯಾಂಕು.”

ಅತ್ತೆ ಕಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. “ಹಂಗಾರ ಹನ್ನೊಂದು ವರ್ಷ ನಾ ಯಾತರ ಸುತ್ತ ಪ್ರದಕ್ಷಿಣಿ ಹಾಕೀನವ್ವಾ?”

ಯಜಮಾನರು ಆಗಲೇ ಮಿಲ್ಲಿನ ಕೆಲಸ ನೆನಪಿಸಿಕೊಂಡು ಚಪ್ಪಲಿ ಮೆಟ್ಟಿದರು. “ನಿಂದ್ರು ಅಲ್ಲೇ! ನಿಂಗೂ ಗೊತ್ತಿತ್ತಿಲ್ಲೋ?” ಎಂದರು ಅತ್ತೆ. ನಿಂತರು.

ಮಸ್ತಾನ್ ಸುತ್ತಿಗೆ ಕೆಳಗಿಟ್ಟ. “ದೇವರ ಮ್ಯಾಲೆ ನಾ ಸುತ್ತಿಗಿ ಎತ್ತಂಗಿಲ್ಲಮ್ಮಾ. ನೀವು ಹೇಳಿದ್ರಷ್ಟ.”

ಅದೂ ಶುಕ್ರವಾರ. ನಮ್ಮ ಮನೆಯಲ್ಲಿ ಶುಕ್ರವಾರ ತುಳಸಿಯ ಒಂದು ಎಲೆಯನ್ನೂ ಕೀಳುವುದಿಲ್ಲ. ಅತ್ತೆ ಬಾಗಿಲಲ್ಲಿ ನಿಂತಿದ್ದ ಬಾಣಂತಿ ಮೊಮ್ಮಗಳತ್ತ ನೋಡಿದರು. ಆಮೇಲೆ ಕೈಕಾಲು ತೊಳೆದು, ಕುಂಕುಮದ ಬಟ್ಟಲು ತಂದು, ಗಿಡಕ್ಕೆ ಕುಂಕುಮವಿಟ್ಟರು.

“ಇದು ಎಲಿ ಕೀಳೋದಲ್ಲ, ಮನಿ ಬದಲಿಸೋದು. ನಾವಿಬ್ರೂ ಎಷ್ಟು ಮನಿ ಬದಲಿಸೀವಿ!” ಎನ್ನುತ್ತ ಮಣ್ಣನ್ನು ತಾವೇ ಬಗೆದು, ಬೇರು ಸಹಿತ ಗಿಡವನ್ನೆತ್ತಿ ಬಣ್ಣದ ಡಬ್ಬಿಯೊಂದರಲ್ಲಿ ಇಟ್ಟರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. “ಹೂಂ, ಈಗ ಹೊಡಿಯಪ್ಪಾ. ಹನ್ನೊಂದು ವರ್ಷ ಯಾರೂ ಅದರಾಗ ಬೀಳದಂಗ ಕಾದಾಳ. ಸಾಕಿನ್ನ ಆಕಿಗೆ.”

ನನಗೆ ಇಷ್ಟು ವರ್ಷ ಹೊಳೆಯದ ಮಾತು ಅದು. ಹಿಂದಿನ ಓಣಿಯಲ್ಲಿ ಕಲ್ಲು ಮುರಿದು ಎಮ್ಮೆಕರು ಗುಂಡಿಗೆ ಬಿದ್ದದ್ದು ನನಗೂ ಗೊತ್ತಿತ್ತು.

ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಒಂದು ಬಕೆಟ್ ನೀರು ಸುರಿದೆ. ‘ಗೊಳಕ್’ ಎಂದು ಇಳಿಯಿತು. ದೇವರು ತಪ್ಪು ತಿಳಿಯಬಾರದು, ಆ ಹೊತ್ತಿಗೆ ಗುಡಿಯ ಗಂಟೆಯೂ ನನಗೆ ಅಷ್ಟು ಇಂಪಾಗಿ ಕೇಳುತ್ತಿರಲಿಲ್ಲ.

ಮಸ್ತಾನನಿಗೆ ಕಾಗದದ ಕಪ್ಪಿನಲ್ಲಿ ಚಹಾ ತಂದೆ. ಅತ್ತೆ ಕಪ್ಪನ್ನು ನೋಡಿ, “ಯಾಕವ್ವಾ, ಮನ್ಯಾಗ ಲೋಟ ಇಲ್ಲೇನು?” ಎಂದರು. ತಲೆ ತಗ್ಗಿಸಿ ಸ್ಟೀಲ್ ಲೋಟ ತಂದೆ. ಅವನು ಕುಡಿಯುತ್ತ ಕೇಳಿದ: “ಆಸಿಡ್ ಯಾರು ಸುರಿಯೋರು ಅಕ್ಕಾ?”

ನಾನೇ. ಮಡಿ ಎಂದು ಪಾಯಖಾನೆಗೆ ವಾರಕ್ಕೊಂದು ಸೀಸೆ.

“ಒಳಗ ಹೊಲಸು ತಿನ್ನೋ ಹುಳ ಇರ್ತಾವ. ಅವನ್ನ ಕೊಂದ್ರ ಟ್ಯಾಂಕು ಬ್ಯಾಗ ತುಂಬತೈತಿ. ಆಸಿಡ್ ಬಿಡ್ರಿ, ಮೂರು ವರ್ಷಕ್ಕೊಮ್ಮಿ ನನ್ನ ಕರೀರಿ.”

ಆ ಕತ್ತಲೆಯಲ್ಲೂ ನಮಗಾಗಿ ದುಡಿಯುವ ಜೀವಗಳನ್ನು ದೇವರು ಇಟ್ಟಿದ್ದಾನೆ. ನಾನೋ, ಶುದ್ಧಿಯ ಹೆಸರಲ್ಲಿ ಅವನ್ನೇ ಸುಡುತ್ತಿದ್ದೆ.

ಟ್ಯಾಂಕರ್, ಹೊಸ ಮುಚ್ಚಳ, ಹೊಸ ಕಟ್ಟೆ ಎಂದು ತೊಟ್ಟಿಲ ದಿನಕ್ಕೆ ನಾನು ಉಡಬೇಕಿದ್ದ ರೇಷ್ಮೆ ಸೀರೆ ಅಂಗಡಿಯಲ್ಲೇ ಉಳಿಯಿತು. ಹಳೆಯದನ್ನೇ ಉಟ್ಟು ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆ. ತುಳಸಿ ಎಲೆಯೆಲ್ಲ ಉದುರಿಸಿ ಕಡ್ಡಿಯಾಗಿ ನಿಂತಿತ್ತು. ಅತ್ತೆ ಮಾತ್ರ, “ಹೊಸ ಮನಿ, ಹೊಂದಿಕೊಳ್ಳಾಕ ಟೈಮ್ ಬೇಕು” ಎನ್ನುತ್ತ ನೀರೆರೆದರು. ಹದಿನೈದನೆಯ ದಿನ ಎರಡು ಹಸಿರು ಕಣ್ಣು ಬಿಟ್ಟಿತು.

ಆಗಿನ ಕೂಸು ಈಗ ಶಾಲೆಗೆ ಹೋಗುತ್ತಾಳೆ. ಮುಚ್ಚಳಕ್ಕೆ, ಎತ್ತಲು ಬರುವಂತೆ, ಕಬ್ಬಿಣದ ಬಳೆ ಹಾಕಿಸಿದ್ದೇವೆ. ದಿನವೂ ಬಾಗಿಲ ಮುಂದೊಂದು ರಂಗೋಲಿ, ಆ ಮುಚ್ಚಳದ ಮೇಲೊಂದು. ಚೆಂದಕ್ಕಲ್ಲ, ಅದು ಎಲ್ಲಿದೆ ಎಂದು ಮನೆಯವರು ಮತ್ತೆ ಮರೆಯಬಾರದೆಂದು.

ಎದುರಿನ ಹುಡುಗಿ ಕುಂಡಕ್ಕೆ ಅರಿಶಿನ ಹಚ್ಚುತ್ತಿದ್ದಳು. ಅವಳ ಸಂತೋಷ ಕೆಡಿಸುವುದೇ ಎಂದು ಒಂದು ಗಳಿಗೆ ಹಳೆಯ ಅಂಜಿಕೆ ಬಂತು. ಕೈಗೆ ಹತ್ತಿದ ಪುಡಿ ಕೊಡವಿ, ರಸ್ತೆ ದಾಟಿದೆ.

“ತಂಗೀ, ಒಂದು ಮಾತು ಹೇಳ್ಲೇನು?”

ನಮ್ಮ ಕಟ್ಟೆಯ ಪಕ್ಕ ಬಿಸಿಲು ಕಾಯಿಸುತ್ತ ಕೂತಿದ್ದ ಅತ್ತೆಯ ದನಿ ಹಿಂದಿನಿಂದ ಬಂತು: “ಬ್ಯಾಗ ಹೇಳವ್ವಾ, ಹನ್ನೊಂದು ವರ್ಷ ತಡಿಬ್ಯಾಡ!”