ಅಕಾಲದಲ್ಲಿ ಹೂ ಬಿಟ್ಟ ಕೊಂಬೆ

ಮಾಣಿ ಗ್ರಾಮದ ಹಸನಬ್ಬನವರು ಕಸಿ ಕಟ್ಟಿದ ಗಿಡ ಸತ್ತದ್ದನ್ನು ಯಾರೂ ಕಂಡಿಲ್ಲ ಎಂಬ ಮಾತನ್ನು ಊರಲ್ಲಿ ಹಬ್ಬಿಸಿದವರು ಸ್ವತಃ ಹಸನಬ್ಬನವರೇ. ಆದರೂ ಅದು ಬರೀ ಬಡಾಯಿಯಲ್ಲ. ಬಂಟ್ವಾಳದಿಂದ ಬೆಳುವಾಯಿಯವರೆಗೆ ಎಷ್ಟೋ ಹಿತ್ತಲುಗಳ ಮುಸುಂಬಿ ಗಿಡಗಳ ಬುಡದ ಗಂಟು ಅವರ ಕೈಯದು. ಕಾಡುನಿಂಬೆಯ ಸಸಿಯ ತೊಗಟೆ ಸೀಳಿ, ಒಳ್ಳೆಯ ಮರದಿಂದ ತೆಗೆದ ಒಂದು ಕಣ್ಣನ್ನು, ಅಂದರೆ ಚಿಗುರುವ ಮೊಗ್ಗಿನ ಚೂರನ್ನು, ಒಳಗೆ ಕೂರಿಸಿ ಪಟ್ಟಿ ಸುತ್ತಲು ಅವರಿಗೆ ಅರ್ಧ ಬೀಡಿಯ ಹೊತ್ತು ಸಾಕು. ಬೀಡಿ ಬಿಟ್ಟು ಹತ್ತು ವರ್ಷವಾದರೂ ಹೊತ್ತನ್ನು ಅವರು ಬೀಡಿಯಲ್ಲೇ ಅಳೆಯುತ್ತಿದ್ದರು.

ಆ ಕಣ್ಣುಗಳೆಲ್ಲ ಬರುತ್ತಿದ್ದದ್ದು ಅವರ ಮನೆಯ ಹಿಂದಿನ ಒಂದೇ ತಾಯಿಮರದಿಂದ. ೧೯೯೭ರ ಈಚೆಗಂತೂ ಆ ಮರದ ಮೇಲ್ಭಾಗದ ಒಂದೇ ಕೊಂಬೆಯಿಂದ. ಆ ವರ್ಷ ರಂಜಾನ್ ಜನವರಿಯಲ್ಲಿ ಬಂದಿತ್ತು. ಬೇರೆಯವರ ಗಿಡಗಳಲ್ಲಿ ಎಲೆ ಬಿಟ್ಟರೆ ಏನಿಲ್ಲದ ಕಾಲದಲ್ಲಿ ಈ ಕೊಂಬೆಯಲ್ಲಿ ಹಣ್ಣು! ಉಪವಾಸ ಬಿಡುವ ಹೊತ್ತಿಗೆ ಶರಬತ್ತಿನ ಲೋಟ ಎತ್ತಿ ಹಸನಬ್ಬನವರು, "ಇದು ಬರ್ಕತ್ತಿನ ಕೊಂಬೆ, ದೇವರು ಹೆಚ್ಚಿಸಿ ಕೊಟ್ಟದ್ದು" ಎಂದರು.

"ಸ್ವಲ್ಪ ಕಹಿ ಉಂಟಲ್ಲ?" ಎಂದಳು ಹೆಂಡತಿ ಖದೀಜ.

"ಇಡೀ ದಿನ ಒಣಗಿದ ನಾಲಗೆಗೆ ಎಂಥ ರುಚಿ ಗೊತ್ತಾಗ್ತದೆ? ಕುಡಿ."

ಧಾರಾಳವಾಗಿ ಬಿಡುವ ಕೊಂಬೆಯಿಂದಲೇ ಕಣ್ಣು ತೆಗೆಯಬೇಕು. ಕಸಿಯವರ ಪದ್ಧತಿ ಹಾಗೆ. ಅಕಾಲದಲ್ಲೂ ಬಿಡುವ ಕೊಂಬೆ ಸಿಕ್ಕಿದ ಮೇಲೆ ಉಳಿದವುಗಳ ಮುಖ ಯಾರು ನೋಡುತ್ತಾರೆ?

ಎರಡು ಮೂರು ವರ್ಷದಲ್ಲಿ ಅಲ್ಲಲ್ಲಿ ಗಿಡಗಳು ಸೊರಗತೊಡಗಿದವು. ಎಲೆಯಲ್ಲಿ ಹಳದಿ ಹಸಿರು ತೇಪೆ. ಹಣ್ಣು ಸೊಟ್ಟ, ಮಾಗಿದರೂ ಬುಡದಲ್ಲಿ ಹಸಿರು. ದೂರು ತಂದವರಿಗೆಲ್ಲ ಹಸನಬ್ಬನವರಲ್ಲಿ ಉತ್ತರ ಸಿದ್ಧವಿತ್ತು. ಒಬ್ಬರ ಮಣ್ಣಿನಲ್ಲಿ ಸತ್ವವಿಲ್ಲ, ಇನ್ನೊಬ್ಬರ ಗೊಬ್ಬರ ಹಸಿ. ಬೆಳುವಾಯಿಯ ಶೀನಪ್ಪನಿಗಂತೂ, "ನೀನು ನೀರು ಹಾಕುವುದಿಲ್ಲ, ಸೋಮಾರಿ. ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ" ಎಂದು ಗದರಿಸಿ ಕಳಿಸಿದ್ದರು. ಸೊಂಟ ನೋವಿನ ಶೀನಪ್ಪ ತನ್ನದೇ ತಪ್ಪೆಂದು ನಂಬಿ ನೀರು ಹೊತ್ತ. ಕಸಿಯವನ ಮಾತನ್ನು ವೈದ್ಯನ ಮಾತಿಗಿಂತ ಹೆಚ್ಚು ನಂಬುವವರು ನಾವು.

೨೦೦೩ರಲ್ಲಿ ನವ್ಯಾ ಎಂಬ ಸಂಶೋಧಕಿ ಹಸನಬ್ಬನವರನ್ನು ಹುಡುಕಿಕೊಂಡು ಬಂದಳು. ಮೂಡುಬಿದಿರೆಯ ಹುಡುಗಿ, ನಿಂಬೆ ಜಾತಿಯ ಗಿಡಗಳ ಇದೇ ಹಳದಿ ರೋಗದ ಮೇಲೆ ಕೆಲಸ ಮಾಡುತ್ತಿದ್ದಳು. ಬೆಳ್ತಂಗಡಿಯ ಹತ್ತಿರ ರೋಗ ಹರಡುವ ಹುಳ ನುಗ್ಗದಂಥ ಬಲೆಮನೆ ಕಟ್ಟಿಸಿದ್ದಳು.

"ರೋಗ ತರುವ ಬ್ಯಾಕ್ಟೀರಿಯ ಗಾಜಿನ ತಟ್ಟೆಯಲ್ಲಿ ಬೆಳೆಯುವುದಿಲ್ಲ ಹಸನಾಕ. ಏನು ಆಹಾರ ಇಟ್ಟರೂ ಬೇಡ. ಗಿಡದ ನಾಳದೊಳಗೇ ಆಗಬೇಕು" ಎಂದಳು, ಊರವರ ಹಾಗೆ ಅವರನ್ನು ಹಸನಾಕ ಎಂದೇ ಕರೆದು.

"ಹೊಸ ಅಳಿಯನ ಹಾಗೆ."

"ಹಾಗೇ. ರೋಗದ ಗಿಡದ ಕಣ್ಣನ್ನು ಒಳ್ಳೆಯ ಸಸಿಗೆ ಕಸಿ ಕಟ್ಟಿ ಕಾಯಬೇಕು. ನಾನು ಕಟ್ಟಿದ ಹತ್ತರಲ್ಲಿ ಏಳು ಒಣಗಿ ಹೋಯಿತು."

ಹಸನಬ್ಬನವರು ಮನಸಾರೆ ನಕ್ಕು ಒಪ್ಪಿದರು. ಹತ್ತು ಸಸಿಗೆ ರೋಗದ ಗಿಡದ ಕಣ್ಣು. ಹೋಲಿಸಿ ನೋಡಲು ಇನ್ನು ಹತ್ತಕ್ಕೆ ಆರೋಗ್ಯದ ಮರದ ಕಣ್ಣು. ಆರೋಗ್ಯದ ಮರ ಎಂದರೆ ಇನ್ಯಾವುದು? ನವ್ಯಾ ತಾಯಿಮರದ ಕೆಳಗಿನ ಕೊಂಬೆಯ ಎಲೆಗಳನ್ನು ಒಯ್ದು ಯಂತ್ರದಲ್ಲಿ ಪರೀಕ್ಷಿಸಿದಳು. ಬ್ಯಾಕ್ಟೀರಿಯದ ಸುಳಿವಿಲ್ಲ. ಕಸಿಯ ದಿನ ಹಸನಬ್ಬನವರು, ಹುಡುಗಿಗೆ ಒಳ್ಳೆಯದನ್ನೇ ಕೊಡುವ ಎಂದು ಏಣಿ ಹತ್ತಿ ಬರ್ಕತ್ತಿನ ಕೊಂಬೆಯಿಂದ ಕಣ್ಣು ತೆಗೆದು ಬಲೆಮನೆಗೆ ಒಯ್ದು ಕಟ್ಟಿದರು. ಇಪ್ಪತ್ತೂ ಚಿಗುರಿದವು.

ಎಂಟು ತಿಂಗಳ ಮೇಲೆ ನವ್ಯಾ ಕರೆಸಿದಳು. ರೋಗದ ಹತ್ತು ಗಿಡಗಳಲ್ಲಿ ತೇಪೆ ಬಂದಿತ್ತು. ಆರೋಗ್ಯದ ಹತ್ತರಲ್ಲೂ ಬಂದಿತ್ತು.

"ಬಲೆಯಲ್ಲಿ ಎಲ್ಲೋ ತೂತು ಉಂಟು" ಎಂದಳು. "ಹುಳ ಬಂದು ರೋಗ ಹಚ್ಚಿದೆ. ಎರಡು ವರ್ಷದ ಕೆಲಸ ನೀರಿನಲ್ಲಿ ಹೋಯಿತು."

ಬಲೆ ನೋಡಿಕೊಳ್ಳುತ್ತಿದ್ದ ನೋಣಯ್ಯ ಮೂಲೆಯಲ್ಲಿ ನಿಂತಿದ್ದ. "ಮೂರು ಸಲ ಹುಡುಕಿದೆ ಅಕ್ಕ, ತೂತಿಲ್ಲ" ಎಂದ. ಯಾರೂ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ; ನಾಳೆಯಿಂದ ಅವನಿಗೆ ಕೆಲಸವಿಲ್ಲ ಎಂದಾಗಿತ್ತು.

ಹಸನಬ್ಬನವರು ಸಾಲಿನ ಕೊನೆಯಲ್ಲಿ ಮಿಕ್ಕಿದ್ದ ಕಸಿ ಕಟ್ಟದ ಆರು ಸಸಿಗಳನ್ನು ನೋಡಿದರು. ಅವು ಹಸಿರಾಗಿದ್ದವು. ಹುಳ ಬಂದಿದ್ದರೆ ಅವನ್ನು ಬಿಡುತ್ತಿತ್ತೇ? ಅವರು ಬಸ್ಸು ಹತ್ತಿದರು.

ಮನೆಯಲ್ಲಿ ಖದೀಜ ಎಲ್ಲವನ್ನೂ ಕೇಳಿಸಿಕೊಂಡಳು. "ಹುಳ ಅಂತ ಕಲಿತವಳೇ ಹೇಳಿದ್ದಾಳೆ. ನಿಮಗೆ ಯಾಕೆ ಉಸಾಬರಿ?"

"ನೋಣಯ್ಯನ ಕೆಲಸ ಹೋಯಿತು."

"ಹೇಳಿದರೆ ನಿಮ್ಮದು ಹೋಗ್ತದೆ. ಇನ್ನು ಯಾರು ನಿಮ್ಮ ಕೈಯಿಂದ ಗಿಡ ತೆಗೆದುಕೊಳ್ತಾರೆ?"

ಅದು ಹಸನಬ್ಬನವರಿಗೂ ಗೊತ್ತಿತ್ತು. ಮೂವತ್ತು ವರ್ಷದಲ್ಲಿ ಅವರು ಗಳಿಸಿದ್ದು ಆ ಒಂದು ಹೆಸರು. ಮರುದಿನ ಮೊದಲ ಬಸ್ಸಿಗೆ ಅವರು ಬೆಳ್ತಂಗಡಿಗೆ ಹೋದರು.

"ನೀವು ಪರೀಕ್ಷೆ ಮಾಡಿದ್ದು ಕೆಳಗಿನ ಕೊಂಬೆ. ನಾನು ಕಣ್ಣು ತೆಗೆದದ್ದು ಮೇಲಿನದು" ಎಂದರು. ಅದು ರಂಜಾನಿನಲ್ಲಿ ಹಣ್ಣು ಬಿಟ್ಟ ಕಥೆಯನ್ನೂ ಹೇಳಿದರು.

ನವ್ಯಾ ಆ ಹತ್ತು ಗಿಡಗಳ ಕಡೆ ತಿರುಗಿದಳು. "ಈ ಬ್ಯಾಕ್ಟೀರಿಯ ಮರದ ತುಂಬ ಒಂದೇ ಹಾಗೆ ಇರುವುದಿಲ್ಲ. ಒಂದು ಕೊಂಬೆಯಲ್ಲಿ ಇದ್ದರೆ ಪಕ್ಕದ್ದರಲ್ಲಿ ಇಲ್ಲದಿರಬಹುದು. ರೋಗ ಹಿಡಿದ ಕೊಂಬೆ ಅಕಾಲದಲ್ಲಿ ಹೂ ಬಿಡುವುದೂ ಉಂಟು ಹಸನಾಕ."

ಆಮೇಲೆ ನೋಣಯ್ಯನನ್ನು ಕರೆಯಲು ಆಳು ಕಳಿಸಿದಳು. ತಿರುಗಿ ಬಂದು ಮೆಲ್ಲಗೆ ಕೇಳಿದಳು: "ಆ ಕೊಂಬೆಯಿಂದ ಎಷ್ಟು ಗಿಡ ಕೊಟ್ಟಿದ್ದೀರಿ?"

"ಲೆಕ್ಕ ಇಟ್ಟಿಲ್ಲ. ಮನೆಗಳು ನೆನಪುಂಟು."

ರೋಗ ಇನ್ನಷ್ಟು ಹರಡದ ಹಾಗೆ ಮೊದಲು ತಾಯಿಮರ ಕಡಿದರು. ಕೊಡಲಿ ಹಿಡಿದದ್ದು ಹಸನಬ್ಬನವರೇ. ಖದೀಜ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಅವರು ಚೀಲದಲ್ಲಿ ಗರಗಸ ಇಟ್ಟುಕೊಂಡು ಮನೆಮನೆಗೆ ಹೊರಟರು. ಕಲ್ಲಡ್ಕದಲ್ಲಿ ಒಬ್ಬರು ಚಹಾ ಕೊಟ್ಟು ಸಮಾಧಾನ ಹೇಳಿದರು. ಇನ್ನೊಬ್ಬರು ಗೇಟಿನ ಚಿಲಕ ತೆಗೆಯಲಿಲ್ಲ. ಹನ್ನೊಂದನೆಯ ದಿನ ಬೆಳುವಾಯಿ.

ಶೀನಪ್ಪ ಕೇಳಿ ಜಗಲಿಯಲ್ಲಿ ಕುಳಿತುಬಿಟ್ಟ. "ನಾಲ್ಕು ವರ್ಷ ನೀರು ಹೊತ್ತೆನಲ್ಲ ಮಾರಾಯ! ಸೋಮಾರಿ ಅಂತ ಬೈಸಿಕೊಂಡು ಹೊತ್ತೆ."

"ತಪ್ಪು ನಿನ್ನದಲ್ಲ. ನನ್ನದು."

"ಇದನ್ನು ಹೇಳಲಿಕ್ಕೆ ಮಾಣಿಯಿಂದ ಬರಬೇಕಿತ್ತಾ? ಫೋನು ಮಾಡಿದರೆ ಆಗ್ತಿರಲಿಲ್ಲವಾ?"

"ಫೋನಿನಲ್ಲಿ ಕಡಿಯಲಿಕ್ಕೆ ಆಗುವುದಿಲ್ಲ."

ಶೀನಪ್ಪ ನಗಲಿಲ್ಲ. ಎದ್ದು ಹಿತ್ತಲಿನ ದಾರಿ ತೋರಿಸಿದ. ಗಿಡ ಬಿತ್ತು. ಕೊಂಬೆಗಳನ್ನು ಎಳೆದು ಬೆಂಕಿ ಹಾಕಿದ ಮೇಲೆ ಹಸನಬ್ಬನವರು ಗರಗಸ ಒರೆಸಿಕೊಂಡು, "ಮೇಲಿನ ಮನೆಯ ರಾಜೀವಿಯಲ್ಲಿಯೂ ಒಂದು ಉಂಟು" ಎಂದು ಹೊರಟರು.

"ತಡೆ" ಎಂದ ಶೀನಪ್ಪ, ಒಂದು ಕೈಯಲ್ಲಿ ಸೊಂಟ ಹಿಡಿದು ಇನ್ನೊಂದರಲ್ಲಿ ಚಪ್ಪಲಿ ಹುಡುಕುತ್ತ. "ಅವಳ ಬಾಯಿ ಜೋರು. ಒಟ್ಟಿಗೆ ಹೋಗುವ."